ಹೌದಪ್ಪನ ಮೂಗು

ಹೌದಪ್ಪನಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಏನೋ ಇತ್ತು. ಆ ಹೆಸರಿನಿಂದ ಕರೆಯುವವರು ಈಗ ಯಾರೂ ಉಳಿದಿಲ್ಲ. ಕರೆದರೂ ಅವನು ತಿರುಗಿ ನೋಡುತ್ತಾನೆಂಬ ಭರವಸೆಯಿಲ್ಲ. ಯಾರು ಏನು ಕೇಳಿದರೂ "ಹೌದು" ಎನ್ನುವುದು ಅವನ ಹುಟ್ಟುಗುಣ. "ಇವತ್ತು ಎಂಥಾ ಸೆಖೆ!" ಎಂದರೆ ಹೌದು. ಪಕ್ಕದಲ್ಲೇ ನಿಂತವರು "ಅಲ್ಲ ರೀ, ಚಳಿ" ಎಂದರೆ ಅದಕ್ಕೂ ಹೌದು. ಇಬ್ಬರೂ ಒಟ್ಟಿಗೆ ಅವನ ಮುಖ ನೋಡಿದರೆ ಕೆಮ್ಮು. ಹೀಗೆ ಯಾರ ತಂಟೆಗೂ ಹೋಗದೆ, ಕೆಮ್ಮಿಕೊಂಡು, ಬಣ್ಣದ ಅಂಗಡಿಯೊಂದರ ಗೋದಾಮಿನಲ್ಲಿ ಅವನು ಅರ್ಧ ಆಯಸ್ಸು ಕಳೆದಿದ್ದ.

ಆ ಗೋದಾಮೇ ಅವನ ಮೂಗನ್ನು ತಿಂದುಹಾಕಿತ್ತು. ವಾರ್ನಿಷ್, ಥಿನ್ನರ್, ಟರ್ಪೆಂಟೈನ್ ಡಬ್ಬಗಳ ಮುಚ್ಚಳ ತೆಗೆದು ತೆಗೆದು, ಮದುವೆಗೆ ಮುಂಚೆಯೇ ಒಂದು ದಿನ ಎದುರಿಗೇ ಥಿನ್ನರ್ ಚೆಲ್ಲಿದರೂ ಅವನಿಗೆ ವಾಸನೆಯೇ ಬರಲಿಲ್ಲ. ಶೀತವಿರಬೇಕು ಎಂದುಕೊಂಡ. ಆ ಶೀತ ಇವತ್ತಿನವರೆಗೂ ವಾಸಿಯಾಗಿಲ್ಲ. ಈ ಸಂಗತಿ ಪ್ರಪಂಚದಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಹೆಂಡತಿಗೆ ಹೇಳಬೇಕೆಂದೇ ಇದ್ದ. ಆದರೆ ಮದುವೆಯ ಹೊಸತರಲ್ಲಿ ಅವಳಿಗೊಂದು ನೀಲಿ ಸೆಂಟು ಬಾಟಲಿ ತಂದುಕೊಟ್ಟಿದ್ದ. ಅವಳು ಅದನ್ನು ಒಂದು ತೊಟ್ಟು ಕಿವಿಯ ಹಿಂದೆ ಸವರಿಕೊಂಡು, ಬಾಗಿಲಲ್ಲಿ ನಿಂತು, "ಘಮ ಚೆನ್ನಾಗಿದ್ಯಾ?" ಎಂದು ಕೇಳಿದಳು. ಹೌದಪ್ಪ ಏನೆಂದಾನು? "ಹೌದು, ಆಹಾ!" ಎಂದ. ಅಂದಿನಿಂದ ಅವನು ಅಂಗಡಿಯಿಂದ ಬರುವ ಹೊತ್ತಿಗೆ ಅವಳು ಬಾಗಿಲಿಗೆ ಬರುವುದು, ಇವನು "ಆಹಾ" ಎನ್ನುವುದು ತಪ್ಪಿರಲಿಲ್ಲ. ಇಷ್ಟು ಆಹಾಗಳಾದ ಮೇಲೆ ಮೂಗಿಲ್ಲ ಎಂದು ಹೇಳಲು ಯಾವ ಗಂಡನಿಗೆ ಧೈರ್ಯ ಬರುತ್ತದೆ!

ಮಗಳಿಗೆ ಸಂಬಂಧ ಕೂಡಿ ಬಂದಾಗ ಈ ಸತ್ತ ಮೂಗು ಎದ್ದು ಕೂತಿತು.

ಮಗಳು ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಜನರ ಬಾಯಿ ತೆರೆಸುವ ಕೆಲಸದಲ್ಲಿದ್ದಳು. ಡಾಕ್ಟರು ಹುಡುಗ ಒಳ್ಳೆಯವನು. ಮದುವೆಯಾದರೆ ಇವಳನ್ನೇ ಎಂದು ಕೂತಿದ್ದ. ಇವಳೂ ಅವನನ್ನೇ ಎಂದು ಕೂತಿದ್ದಳು. ಅಡ್ಡ ಕೂತಿದ್ದವರು ಹುಡುಗನ ತಂದೆ, ನಿವೃತ್ತ ನ್ಯಾಯಾಧೀಶರು. ಊರಿನ ವೈನ್ ಬಳಗಕ್ಕೆ ಅವರೇ ಅಧ್ಯಕ್ಷರು. ದೊಡ್ಡ ಮಗನಿಗೆ ಬಂದಿದ್ದ ಸಂಬಂಧವೊಂದನ್ನು, ಹೆಣ್ಣಿನ ತಂದೆ ವೈನಿಗೆ ಐಸ್ ಹಾಕಿಕೊಂಡನೆಂಬ ಒಂದೇ ಕಾರಣಕ್ಕೆ ವಜಾ ಮಾಡಿದ್ದವರು. ಆ ದೊಡ್ಡ ಮಗ ಇನ್ನೂ ಹಾಗೇ ಇದ್ದಾನೆ.

ಜಡ್ಜ್ ಸಾಹೇಬರು ಹೌದಪ್ಪನ ಮನೆಯ ಸೋಫಾದ ಮೇಲೆ ನೆಟ್ಟಗೆ ಕೂತು ವಿಚಾರಣೆ ಶುರುಮಾಡಿದರು.

"ನೋಡಿ, ಆಸ್ತಿಪಾಸ್ತಿ ನಾನು ಕೇಳೋನಲ್ಲ. ನನ್ನ ಬೀಗರಾಗೋರಿಗೆ ಒಂದೇ ಒಂದು ಇರಬೇಕು. ನಿಮಗೆ ಮೂಗು ಇದೆಯಾ?"

ಹೌದಪ್ಪ ಕೈಯೆತ್ತಿ ಮುಟ್ಟಿ ನೋಡಿಕೊಂಡ. ಇತ್ತು. "ಹೌದು" ಎಂದ.

"ಒಳ್ಳೇ ಮೂಗಾ?"

"ಹೌದು. ನಮ್ಮ ತಂದೇದೇ ಮೂಗು."

"ತಂದೆಯವರಿಗೂ ಇತ್ತಾ!"

"ಹೌದು ಸಾರ್. ನಮ್ಮ ತಾತಂದು ಇನ್ನೂ ದೊಡ್ಡದಿತ್ತು."

ಜಡ್ಜ್ ಸಾಹೇಬರು ಎದ್ದೇ ನಿಂತರು. "ಮೂರು ತಲೆಮಾರು! ನೋಡಿದ್ಯೇನೇ?" ಎಂದು ಹೆಂಡತಿಯ ಕಡೆ ತಿರುಗಿದರು. ಪಾಪ, ಆಕೆ ಹೌದಪ್ಪನ ಮೂಗನ್ನೇ ನೋಡುತ್ತಾ ಯಾಕೋ ಸ್ವಲ್ಪ ಹಿಂದೆ ಸರಿದು ಕೂತರು. ಜಡ್ಜ್ ಸಾಹೇಬರು ಮುಂದುವರಿಸಿದರು: "ಈ ಭಾನುವಾರ ನಮ್ಮ ಬಳಗ ಸೇರತ್ತೆ. ನನ್ನದೇ ಪೀಪಾಯಿ ವೈನು. ಎಲ್ಲರೂ ಮೂಸಿ ಪರಿಮಳ ಹೇಳ್ತಾರೆ, ಕೊನೇ ತೀರ್ಪು ನಿಮ್ಮದು. ಅದು ಮುಗಿದ ತಕ್ಷಣ ಮದುವೆ ಮಾತು. ಮೂಗಿಲ್ಲದ ಮನೆ ಜೊತೆ ನಾನು ನೆಂಟಸ್ತನ ಬೆಳೆಸಲ್ಲ, ಅದು ಮಾತ್ರ ಖಂಡಿತ!"

ಆಗ ಹೌದಪ್ಪನಿಗೆ ತಾನು ಯಾವ ಪ್ರಶ್ನೆಗೆ ಹೌದು ಅಂದೆನೆಂಬುದು ಹೊಳೆಯಿತು. ಬಾಯಿ ತೆರೆದ. ಆದರೆ ಮಗಳು ಬಾಗಿಲ ಮರೆಯಿಂದ ನೋಡುತ್ತಿದ್ದಳು. ಆ ಮುಖದಲ್ಲಿದ್ದ ಸಂತೋಷ ಕಂಡು ತೆರೆದ ಬಾಯಿಂದ ಇನ್ನೊಂದು "ಹೌದು" ಬಿತ್ತು.

ಜಡ್ಜ್ ಸಾಹೇಬರು ಹೋಗುವಾಗ ರಟ್ಟಿನ ಚಕ್ರವೊಂದನ್ನು ಕೊಟ್ಟುಹೋದರು. ವೈನಿನಲ್ಲಿ ಸಿಗಬಹುದಾದ ಪರಿಮಳಗಳ ಹೆಸರೆಲ್ಲ ಅದರಲ್ಲಿ ಸುತ್ತಲೂ ಬರೆದಿತ್ತು. ಅಭ್ಯಾಸ ಹೇಗೆಂದು ಮಗಳು ಓದಿ ಹೇಳಿದಳು: ಸಿಕ್ಕಿದ್ದನ್ನೆಲ್ಲ ಕಣ್ಣು ಮುಚ್ಚಿ ಮೂಸಬೇಕು, ತೋಚಿದ್ದನ್ನು ತಡಮಾಡದೆ ಗಟ್ಟಿಯಾಗಿ ಹೇಳಬೇಕು. ತೋಚುವುದೆಲ್ಲಿಂದ ಬರಬೇಕು? ಹೌದಪ್ಪ ತನಗೆ ತಿಳಿದ ದಾರಿ ಹಿಡಿದ. ಚಕ್ರವನ್ನು ಮಗ್ಗಿಯಂತೆ ಬಾಯಿಪಾಠ ಮಾಡುವುದು, ಮೂಸಿದಾಗೆಲ್ಲ ಸಾಲಿನಲ್ಲಿ ಮುಂದಿನ ಪದ ಹೇಳುವುದು. ಚಕ್ರಕ್ಕೆ ಮೊದಲೆಲ್ಲಿ, ಕೊನೆಯೆಲ್ಲಿ? ಅವನ ಹೆಬ್ಬೆರಳು ಇದ್ದ ಕಡೆಯಿಂದ ಶುರುವಾಯಿತು. ಹಣ್ಣು, ಹೂವು, ಜೇನುತುಪ್ಪ ಎಲ್ಲ ಆಚೆ ಬದಿಯಲ್ಲಿದ್ದವು. ಹೆಬ್ಬೆರಳಿನ ಕೆಳಗಿದ್ದದ್ದು "ಒದ್ದೆ ನಾಯಿ."

"ಅಪ್ಪಾ, ಹಣ್ಣಿಂದ ಶುರುಮಾಡು, ಸುಲಭ" ಎಂದಳು ಮಗಳು.

"ಹೌದು" ಎಂದು ಹೌದಪ್ಪ ಒದ್ದೆ ನಾಯಿಯನ್ನೇ ಉರುಹಾಕಿದ.

ಮರುದಿನ ಬೆಳಿಗ್ಗೆ ಅವನು ಮೆಟ್ಟಿಲ ಕಟಕಟೆಯ ಹತ್ತಿರ ಬಗ್ಗಿ, ಕಣ್ಣು ಮುಚ್ಚಿ, ಜೋರಾಗಿ ಉಸಿರೆಳೆದ. ಮಹಡಿ ಮನೆಯ ಮೇಷ್ಟ್ರು ಚೀಲ ಹಿಡಿದು ಇಳಿಯುತ್ತಿದ್ದರು. ಲೆಕ್ಕದ ಮೇಷ್ಟ್ರಾಗಿದ್ದು ನಿವೃತ್ತರಾದವರು, ಒಂಟಿ ಜೀವ, ಬಲು ಗಂಭೀರ.

"ಒದ್ದೆ ನಾಯಿ" ಎಂದ ಹೌದಪ್ಪ, ಪಾಠ ಒಪ್ಪಿಸುವ ದನಿಯಲ್ಲಿ.

ಮೇಷ್ಟ್ರ ಕೈಯಿಂದ ಚೀಲ ಜಾರಿ ಬಿತ್ತು. "ಯಾ... ಯಾರು ಹೇಳಿದ್ರು?"

"ಮೂಗು" ಎಂದ ಹೌದಪ್ಪ, ಇನ್ನೂ ಕಣ್ಣು ಮುಚ್ಚಿಕೊಂಡೇ.

ಮೇಷ್ಟ್ರು ಅವನ ರಟ್ಟೆ ಹಿಡಿದು ದರದರನೆ ಮಹಡಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು. ಬಚ್ಚಲಲ್ಲಿ, ಟವೆಲು ಹೊದ್ದು, ಕರು ಗಾತ್ರದ ನಾಯಿಯೊಂದು ನಿಂತಿತ್ತು. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೌದಪ್ಪ ಹೌಹಾರಿದ. ನಾಯಿ ಅವನನ್ನು ಕಂಡು ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಸದ್ದು ಮಾತ್ರ ಇಲ್ಲ.

"ಬೊಗಳೋದನ್ನ ಬಿಡ್ಸಿದೀನಿ" ಎಂದು ಮೇಷ್ಟ್ರು ಕಣ್ಣೊರೆಸಿಕೊಂಡರು. "ಮನೆ ಓನರಿಗೆ ಪ್ರಾಣಿ ಅಂದ್ರೆ ಆಗಲ್ಲ. ಸದ್ದು ಕೇಳದ ಹಾಗೆ ನೋಡ್ಕೊಂಡೆ, ಕಣ್ಣಿಗೆ ಬೀಳದ ಹಾಗೆ ನೋಡ್ಕೊಂಡೆ. ಮೂಗಿದ್ದೋರು ಕೆಳಗೇ ಇದಾರೆ ಅಂತ ನಂಗೇನು ಗೊತ್ತು? ದಮ್ಮಯ್ಯ, ಹೇಳ್ಬೇಡಿ. ಇದು ಬಿಟ್ರೆ ನಂಗ್ಯಾರಿದಾರೆ?"

ತಲೆಯಾಡಿಸಿ ಮಾತುಕೊಟ್ಟು ಹೌದಪ್ಪ ಇಳಿದು ಬಂದ. ಮೆಟ್ಟಿಲ ಅರ್ಧದಲ್ಲಿ ಅವನಿಗೊಂದು ಆಸೆ ಹುಟ್ಟಿತು. ಮೂಗು ವಾಪಸು ಬಂದಿರಬಹುದೆ? ಓಡಿ ಮೇಲೆ ಹೋಗಿ, ಬಾಗಿಲು ತಟ್ಟಿ, ನಾಯಿಯ ಬೆನ್ನಿಗೇ ಮುಖ ಒತ್ತಿ ಮೂಸಿದ. ಏನೂ ಇಲ್ಲ. ಮೇಷ್ಟ್ರು ಮಾತ್ರ, ಇದು ಯಾವುದೋ ಎರಡನೇ ಹಂತದ ತನಿಖೆಯೆಂದು ಕೈಮುಗಿದು ನಿಂತಿದ್ದರು.

ಚಕ್ರದಲ್ಲಿ ಮುಂದಿನ ಪದ "ಸೀಮೆಎಣ್ಣೆ." ಅಂಗಡಿಯಲ್ಲಿ ಹೌದಪ್ಪ ಟರ್ಪೆಂಟೈನ್ ಡಬ್ಬವೊಂದರ ಮುಚ್ಚಳ ತೆಗೆದ, ಮೂಸಿದ, ಹೇಳಿದ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಯಜಮಾನರ ಮುಖ ಪ್ರೈಮರ್ ಹೊಡೆದ ಗೋಡೆಯ ಹಾಗೆ ಬಿಳುಪೇರಿತು. ಗಿರಾಕಿಯನ್ನು ಸಾಗಹಾಕಿ, ಅರ್ಧ ಶಟರ್ ಎಳೆದು, ಅವನನ್ನು ಮೂಲೆಗೆ ಕರೆದರು.

"ಏನಯ್ಯಾ ಇದು? ಇಷ್ಟು ವರ್ಷ ಗೋದಾಮಲ್ಲೇ ಇದ್ದು, ಸುಮ್ಮನೆ ವಾಸನೆ ಹಿಡೀತಾ ಕೂತಿದ್ಯಾ?"

"ಹೌದು" ಎಂದ ಹೌದಪ್ಪ, ಅಭ್ಯಾಸಬಲ.

"ಅಯ್ಯೋ ನನ್ನ ಕರ್ಮವೇ! ಡಬ್ಬಕ್ಕೆ ಒಂದೇ ಒಂದು ಲೋಟ ಸೀಮೆಎಣ್ಣೆ ಬೆರೆಸ್ತಿದ್ದೆ ಕಣಯ್ಯಾ, ಹೆಚ್ಚಲ್ಲ. ಯಾರಿಗಾದ್ರೂ ಬಾಯಿ ಬಿಟ್ಟಿದ್ಯಾ?"

ಇಲ್ಲಿ ಹೌದು ಅಂದರೆ ಕೆಲಸ ಹೋಗುತ್ತದೆಂದು ತಿಳಿದು ಹೌದಪ್ಪ ಕೆಮ್ಮಿದ. ಆ ಕೆಮ್ಮು ಕೇಳಿ ಯಜಮಾನರು ಕುರ್ಚಿ ಹುಡುಕಿ ಕೂತರು. ಇನ್ನು ಮೇಲೆ ಸೀಮೆಎಣ್ಣೆ ಮುಟ್ಟುವುದಿಲ್ಲವೆಂದು ಮಕ್ಕಳ ಮೇಲೆ ಆಣೆ ಮಾಡಿದರು. ತಾವಾಗಿ ಚಹಾ ತರಿಸಿಕೊಟ್ಟರು. ಗೋದಾಮಿನ ಇತಿಹಾಸದಲ್ಲೇ ಅದು ಮೊದಲ ಚಹಾ. ಹೌದಪ್ಪ ಅದನ್ನು ತಲೆತಗ್ಗಿಸಿಕೊಂಡು ಕುಡಿದ. ಕಣ್ಣೆದುರೇ ನಡೆದ ಮೋಸ ಇಷ್ಟು ವರ್ಷ ತಿಳಿಯದೆ ಹೋಯಿತಲ್ಲ ಎಂದು ಅವನಿಗೆ ನಿಜವಾಗಿ ನಾಚಿಕೆಯಾಯಿತು.

ಅವತ್ತು ಸಂಜೆ ಬಂದದ್ದು "ಹೊಗೆಸೊಪ್ಪು."

ಹೆಂಡತಿಯ ತಾಯಿ, ಹೌದಪ್ಪನ ಅತ್ತೆ, ಇವರ ಜೊತೆಯಲ್ಲೇ ಇದ್ದರು. ಬೀಡಿ ಸೇದುವವನು ಬೀದಿಯ ಆ ತುದಿಯಲ್ಲಿ ಕಂಡರೆ ಈ ತುದಿಯಲ್ಲಿ ಸೆರಗು ಮುಚ್ಚಿಕೊಳ್ಳುವಷ್ಟು ಮಡಿವಂತೆ. ಅವರು ಬಚ್ಚಲಿಂದ ಹೊರಗೆ ಬರುವುದಕ್ಕೂ ಅಳಿಯ ಗೋಡೆಗೆ ಮುಖಮಾಡಿ ಉಸಿರೆಳೆದು ಆ ಪದ ಹೇಳುವುದಕ್ಕೂ ಸರಿಹೋಯಿತು.

ಅತ್ತೆ ಹೊಸ್ತಿಲ ಮೇಲೇ ಕುಸಿದು ಕೂತರು.

"ನಿಮ್ಮ ಮಾವ ಬದುಕಿದ್ದಾಗ್ಲೇ ಶುರುವಾಗಿದ್ದು ಅಳಿಯಂದ್ರೇ. ಬಿಡಕ್ಕಾಗ್ಲಿಲ್ಲ" ಎಂದು ಸೊಂಟದಿಂದ ಒಂದು ಸಿಗರೇಟು ಪ್ಯಾಕು, ಒಂದು ಲೈಟರು ತೆಗೆದು ನೆಲದ ಮೇಲಿಟ್ಟರು. ಲೈಟರು ಬಲು ಚೆನ್ನಾಗಿತ್ತು, ಒತ್ತಿದರೆ ಹಾಡು ಹೇಳುತ್ತಿತ್ತು.

"ಅಮ್ಮಾ!" ಎಂದು ಚೀರಿದಳು ಹೌದಪ್ಪನ ಹೆಂಡತಿ. "ಬಚ್ಚಲಲ್ಲಿ ಅಷ್ಟು ಹೊತ್ತು ಇರ್ತಿದ್ದದ್ದು ಇದಕ್ಕಾ? ನನ್ಹತ್ರ ಮಲಬದ್ಧತೆ ಅಂದಿದ್ಯಲ್ಲೇ! ಬಾಳೆಹಣ್ಣು ತಂದು ತಂದು ಸುರಿದೆನಲ್ಲೇ!"

"ಬೈಯ್ಯೋದಿದ್ರೆ ನಿನ್ನ ಗಂಡನ ಮೂಗಿಗೆ ಬೈಯಿ" ಎಂದರು ಅತ್ತೆ.

ಹೆಂಡತಿ ಬೈಯಲಿಲ್ಲ. ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಯಾಕೋ ಬೆವರಿ, ಒಳಗೆ ಹೋಗಿಬಿಟ್ಟಳು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಹೌದಪ್ಪ ಬೀದಿಗೆ ಕಾಲಿಟ್ಟರೆ ಕಿಟಕಿಗಳು ಪಟಪಟನೆ ಮುಚ್ಚಿಕೊಳ್ಳುತ್ತಿದ್ದವು. ಹಾಲಿನವನು ಕೇಳದೆಯೇ, "ಇವತ್ತಿಂದ ಒಂದು ಹನಿ ನೀರೂ ಹಾಕಲ್ಲ ಸ್ವಾಮಿ" ಎಂದ. ಮನೆ ಓನರು ಬಾಡಿಗೆ ಕೇಳಲು ಬಂದವರು, ಇವನು ಮೂಗೊರೆಸಿಕೊಳ್ಳಲು ಕರವಸ್ತ್ರ ತೆಗೆದದ್ದೇ ತಡ, "ಗೋಡೆ ತೇವ ಅಲ್ವಾ? ನಾಳೇನೇ ರಿಪೇರಿ ಮಾಡಿಸ್ತೀನಿ" ಎಂದು ಬಾಡಿಗೆ ಮರೆತು ಹೋದರು. ಹೌದಪ್ಪ ಒಬ್ಬೊಬ್ಬರಿಗೂ ನಿಜ ಹೇಳಲು ಬಾಯಿ ತೆರೆದ. ತೆರೆದಾಗೆಲ್ಲ ಎದುರಿನವರು ಇನ್ನೊಂದೇನಾದರೂ ಒಪ್ಪಿಕೊಂಡುಬಿಡುತ್ತಿದ್ದರು.

ಇದೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಒಂದೇ. ಹೆಂಡತಿ ಸಂಜೆ ಬಾಗಿಲಿಗೆ ಬರುವುದನ್ನು ನಿಲ್ಲಿಸಿದಳು. ಅವನು ಬರುವ ಹೊತ್ತಿಗೆ ಒಲೆಯ ಹತ್ತಿರವೋ ಹಿತ್ತಿಲ ಕಡೆಯೋ ಇರುತ್ತಿದ್ದಳು. ಹತ್ತಿರ ಹೋದರೆ ದೂರ ಸರಿಯುತ್ತಿದ್ದಳು. ಆಹಾ ಎನ್ನಲು ಬಾಯಿ ತೆರೆದುಕೊಂಡು ಬಂದ ಹೌದಪ್ಪ ಖಾಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದ. ಅವನಿಗೆ ಅಳು ಬರುವಷ್ಟು ಬೇಸರವಾಗುತ್ತಿತ್ತು.

ಭಾನುವಾರ ಬಂದೇ ಬಂತು.

ಜಡ್ಜ್ ಸಾಹೇಬರ ಹಜಾರದಲ್ಲಿ ಉದ್ದದ ಮೇಜು, ಬಿಳಿ ಬಟ್ಟೆ, ಸಣ್ಣ ಕತ್ತಿನ ಗಾಜಿನ ಲೋಟಗಳು. ಬಳಗದವರಲ್ಲಿ ಮುಖ್ಯರು ಇಬ್ಬರು: ಕಿವಿ-ಮೂಗು-ಗಂಟಲಿನ ಡಾಕ್ಟರೊಬ್ಬರು, ಕಟ್ಟಡದ ಕಂಟ್ರಾಕ್ಟರೊಬ್ಬರು. ಹುಡುಗನೂ ಮಗಳೂ ಗೋಡೆಗೆ ಒತ್ತಿ ನಿಂತಿದ್ದರು, ಹೌದಪ್ಪನ ಹೆಂಡತಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು. ಜಡ್ಜ್ ಸಾಹೇಬರು ಸ್ವತಃ ನೆಲಮಾಳಿಗೆಗೆ ಇಳಿದು, ತಾವು ವರ್ಷಗಳಿಂದ ಜೋಪಾನ ಮಾಡಿದ ಪೀಪಾಯಿಯಿಂದ ಹೂಜಿ ತುಂಬಿ ತಂದು, ಎಲ್ಲರಿಗೂ ಎರಡೆರಡು ಬೆರಳು ಸುರಿದರು. ಕಡುಗೆಂಪು. ಎಲ್ಲರೂ ಲೋಟವನ್ನು ಗಿರಗಿರ ತಿರುಗಿಸಿದರು. ಹೌದಪ್ಪನೂ ತಿರುಗಿಸಿದ, ಅರ್ಧ ಅಂಗಿಯ ಮೇಲೆ ಹೋಯಿತು.

"ಹಳೇ ಚರ್ಮ" ಎಂದರು ಜಡ್ಜ್ ಸಾಹೇಬರು, ಕಣ್ಣು ಅರೆಮುಚ್ಚಿ. "ತುಂಬಾ ಹಳೇ ಚರ್ಮ. ನಮ್ಮ ಕೋರ್ಟಿನ ಕುರ್ಚೀದು."

"ಪೆನ್ಸಿಲ್ ಕೆತ್ತಿದ ಚೂರು" ಎಂದರು ಡಾಕ್ಟರು. "ಹಿಂದೆಯಿಂದ ಕಪ್ಪು ದ್ರಾಕ್ಷಿ ಮೆಲ್ಲಗೆ ಬರ್ತಿದೆ."

"ಮೊದಲ ಮಳೆ ಬಿದ್ದ ಸಿಮೆಂಟು" ಎಂದರು ಕಂಟ್ರಾಕ್ಟರು. "ಒಳ್ಳೇ ಸಿಮೆಂಟು."

ಹಳೇ ಚರ್ಮ, ಪೆನ್ಸಿಲ್ ಚೂರು, ಇವೇ ಹೌದಪ್ಪನಿಗೆ ಬಾಯಿಪಾಠವಾಗಿದ್ದಷ್ಟರಲ್ಲಿ ಉಳಿದಿದ್ದ ಪದಗಳು. ಎರಡನ್ನೂ ಇವರು ಕಸಿದುಕೊಂಡರು. ಎಲ್ಲರ ಕಣ್ಣು ಅವನ ಮೂಗಿನ ಮೇಲೆ. ಅವನು ಲೋಟದೊಳಗೆ ಮೂಗು ಇಳಿಸಿ ಎಳೆದ. ಇನ್ನೊಮ್ಮೆ ಎಳೆದ. ಗೋಡೆಯ ಬಳಿ ಮಗಳು ಎರಡು ಕೈಗಳನ್ನೂ ಗಲ್ಲಕ್ಕೆ ಒತ್ತಿಕೊಂಡಿದ್ದಳು. ಈ ಹುಡುಗಿಯ ಸಂಸಾರ ಇನ್ನೊಂದು ಸುಳ್ಳಿನ ಮೇಲೆ ನಿಲ್ಲುವುದು ಬೇಡ ಎಂದು ಹೌದಪ್ಪನಿಗೆ ಆ ಕ್ಷಣದಲ್ಲಿ ಅನ್ನಿಸಿಬಿಟ್ಟಿತು. ಹುಟ್ಟಿದಾರಭ್ಯ ಅವನ ನಾಲಿಗೆ ಹತ್ತದಿದ್ದ ಪದವೊಂದು ಹೊರಗೆ ಬಂತು.

"ಇಲ್ಲ."

"ಏನಿಲ್ಲ?" ಎಂದರು ಜಡ್ಜ್ ಸಾಹೇಬರು.

"ಏನೂ ವಾಸನೆ ಇಲ್ಲ ಸಾರ್."

"ಚರ್ಮ?"

"ಇಲ್ಲ."

"ಪೆನ್ಸಿಲ್ಲು? ದ್ರಾಕ್ಷಿ?"

"ಇಲ್ಲ ಸಾರ್. ವೈನಿನ ವಾಸನೆಯೇ ಇಲ್ಲ."

ಒಳಬಾಗಿಲಲ್ಲಿ ಢಣಾರೆಂದು ಸದ್ದಾಯಿತು. ತಟ್ಟೆ ಹಿಡಿದು ಬರುತ್ತಿದ್ದ ಜಡ್ಜ್ ಸಾಹೇಬರ ಹೆಂಡತಿ ಎರಡೂ ಕೈ ಬಿಟ್ಟಿದ್ದರು. ಬಿಸ್ಕತ್ತುಗಳು ಹಜಾರದ ತುಂಬ ಉರುಳಿದವು.

"ಈ ಮನುಷ್ಯನ ಮೂಗು ಕಂಡಾಗಲೇ ಅಂದ್ಕೊಂಡೆ, ನನ್ನ ಕಥೆ ಮುಗೀತು ಅಂತ!" ಎಂದು ಆಕೆ ತಲೆ ಚಚ್ಚಿಕೊಂಡರು. "ಹೌದು ರೀ, ನಾನೇ! ಡಾಕ್ಟರು ನಿಮಗೆ ಒಂದು ಹನಿ ಕೂಡದು ಅಂದಿರ್ಲಿಲ್ವಾ? ನೀವು ಕೇಳಿದ್ರಾ? ಪೀಪಾಯಿ ಪೂರ್ತಿ ಮೋರಿಗೆ ಬಿಟ್ಟೆ. ಬೀಟ್‌ರೂಟ್ ಬೇಯಿಸಿದ ನೀರು ತುಂಬಿಸಿಟ್ಟೆ. ಎರಡು ವರ್ಷದಿಂದ ತಿಂಗಳಿಗೊಂದ್ಸಲ ಬದಲಾಯಿಸ್ತಿದೀನಿ!"

ಕಂಟ್ರಾಕ್ಟರು ಸಿಮೆಂಟಿನ ಲೋಟವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟರು. ಕಿವಿ-ಮೂಗು-ಗಂಟಲಿನ ಡಾಕ್ಟರು, "ನಂಗೂ ಒಂದು ಅನುಮಾನ ಇತ್ತು" ಎಂದು ಶುರುಮಾಡಿದವರು ಎಲ್ಲರ ಮುಖ ನೋಡಿ ನಿಲ್ಲಿಸಿಬಿಟ್ಟರು. ಎರಡು ವರ್ಷ ಈ ಬೀಟ್‌ರೂಟ್ ನೀರಿನಲ್ಲಿ ಅವರೆಲ್ಲ ಕಂಡಿದ್ದ ಗುಲಾಬಿ, ಏಲಕ್ಕಿ, ಕಾಡುಹಣ್ಣು, ಹಳೆಯ ಗ್ರಂಥಾಲಯ ಒಂದೊಂದಾಗಿ ಅವರವರ ನೆನಪಿಗೆ ಬರುತ್ತಿದ್ದವು. ಜಡ್ಜ್ ಸಾಹೇಬರು ತಮ್ಮ ಲೋಟವನ್ನೇ ನೋಡುತ್ತಾ ಕೂತಿದ್ದರು. ತೀರ್ಪು ಕೊಟ್ಟೇ ಬದುಕಿದ ಮನುಷ್ಯ, ಪಾಪ, ಮೊದಲ ಸಲ ತೀರ್ಪು ಕೇಳಿಸಿಕೊಂಡಿದ್ದರು.

ಹೌದಪ್ಪನಿಗೆ ಕನಿಕರವಾಯಿತು. "ಸಾರ್, ತಪ್ಪು ತಿಳ್ಕೋಬೇಡಿ. ಅವರೇನೂ ಸಿಕ್ಕಿಬೀಳ್ತಿರ್ಲಿಲ್ಲ. ನಂಗೆ ಮೂಗೇ ಇಲ್ಲ. ಥಿನ್ನರ್ ಮೂಸಿ ಮೂಸಿ ಮದುವೆಗೆ ಮುಂಚೇನೇ ಹೋಯ್ತು. ಇದುವರೆಗೂ ನಾನು ಏನನ್ನೂ ಮೂಸಿಲ್ಲ."

ಜಡ್ಜ್ ಸಾಹೇಬರು ನಿಧಾನವಾಗಿ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು.

"ಇಲ್ಲಿರೋರೆಲ್ಲ ಇಲ್ಲದ್ದನ್ನ ಇದೆ ಅಂದ್ವಿ. ನೀವೊಬ್ರು ಇಲ್ಲ ಅಂದ್ರಿ. ಈಗ ನಮ್ಮ ಮಾನ ಉಳಿಸೋಕೆ ನಿಮ್ಮ ಮೂಗನ್ನೇ ಇಲ್ಲ ಅಂತೀರಲ್ಲ! ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಎಷ್ಟೋ ಕೇಳಿದೀನಿ ಬೀಗರೇ. ಇಷ್ಟು ಕೆಟ್ಟದಾಗಿ ಸುಳ್ಳು ಹೇಳೋರನ್ನ ನಾನು ನೋಡಿಲ್ಲ."

"ಬೀಗರೇ" ಎಂಬ ಮಾತು ಕಿವಿಗೆ ಬಿದ್ದದ್ದೇ ಮಗಳು ಹೋ ಎಂದು ಅತ್ತಳು. ಹುಡುಗ ಅವಳ ಕೈ ಹಿಡಿದ. ಹೌದಪ್ಪ ಮತ್ತೆ ಮತ್ತೆ "ನಿಜವಾಗ್ಲೂ ಇಲ್ಲ ಸಾರ್" ಎಂದ. ಅಂದಷ್ಟೂ ಅವನ ವಿನಯವನ್ನು ಎಲ್ಲರೂ ಹೊಗಳಿದರು. ಡಾಕ್ಟರಂತೂ ಅವನ ಮೂಗಿನೊಳಗೆ ಟಾರ್ಚು ಬಿಟ್ಟು ನೋಡಿ, "ಅದ್ಭುತ" ಎಂದರು.

ನಂಬಿದ್ದು ಒಬ್ಬಳೇ. ಥಿನ್ನರ್ ಎಂಬ ಮಾತು ಕೇಳಿದಾಗಿನಿಂದ ಹೆಂಡತಿ ಅವನನ್ನೇ ಎವೆಯಿಕ್ಕದೆ ನೋಡುತ್ತಿದ್ದಳು. ಮನೆ ಸೇರಿದಾಗ ಇನ್ನೂ ಸಂಜೆಯ ಬೆಳಕಿತ್ತು. ಬಾಗಿಲಲ್ಲೇ ಅವನನ್ನು ನಿಲ್ಲಿಸಿ ಕೇಳಿದಳು.

"ನಿಮಗೆ ವಾಸನೆ ಬರಲ್ವಾ?"

"ಇಲ್ಲ" ಎಂದ. ಆ ಪದ ಈಗ ಸ್ವಲ್ಪ ಸಲೀಸಾಗಿತ್ತು.

"ಹಾಗಾದ್ರೆ ದಿನಾ ಆಹಾ ಅಂತಿದ್ದದ್ದು?"

"ನಿನ್ನ ಮುಖ ನೋಡಿ."

ಅವಳು ಒಳಗೆ ಹೋಗಿ ಆ ನೀಲಿ ಬಾಟಲಿ ತಂದಳು. ಮುಚ್ಚಳದ ಬಣ್ಣವೆಲ್ಲ ಹೋಗಿತ್ತು.

"ಇದು ಖಾಲಿಯಾಗಿ ಎಷ್ಟು ವರ್ಷ ಆಯ್ತು ಗೊತ್ತೇನ್ರೀ? ಮಗು ಇನ್ನೂ ಅಂಬೆಗಾಲಿಡ್ತಿತ್ತು. ಬಾಟಲಿ ಖಾಲಿ ಅಂತ ಹೇಳಿದ್ರೆ ನೀವು ಬಾಗಿಲಲ್ಲಿ ನಿಲ್ಲೋದು ಬಿಟ್ಟುಬಿಡ್ತೀರೇನೋ ಅಂತ ಭಯ. ಕೊಳಾಯಿ ನೀರು ತುಂಬಿಸ್ಕೊಂಡೆ. ಬರೀ ನೀರು ಸವರ್ಕೊಂಡು ನಿಂತೆ, ನೀವು ಆಹಾ ಅಂದ್ರಿ. ಪಾಪ, ನನ್ನ ಮನಸ್ಸಿಗೆ ನೋವಾಗ್ದೇ ಇರ್ಲಿ ಅಂತ ಹೇಳ್ತಾರೆ ಅಂದ್ಕೊಂಡೆ. ಈ ವಾರ ಎಲ್ಲರ ಗುಟ್ಟೂ ಹೊರಗೆ ಬಿದ್ದಾಗ, ನನ್ನದನ್ನೂ ಹೇಳಿಬಿಡ್ತೀರೇನೋ ಅಂತ ನಿಮ್ಮ ಎದುರಿಗೆ ಬರೋಕೇ ಕೈಕಾಲು ಬರ್ಲಿಲ್ಲ."

ಆ ವಾರ ಊರಿಗೆಲ್ಲ ಆಘಾತ ಕೊಟ್ಟ ಮನುಷ್ಯ ಈಗ ಕಂಬದ ಹಾಗೆ ನಿಂತ. ನಾಯಿ ಕಂಡಾಗಲೂ, ಸೀಮೆಎಣ್ಣೆ ಕಂಡಾಗಲೂ, ಅತ್ತೆಯ ಲೈಟರು ಹಾಡಿದಾಗಲೂ ಅವನು ಇಷ್ಟು ದಂಗಾಗಿರಲಿಲ್ಲ. ಕೆಮ್ಮಲು ನೋಡಿದ, ಆಗಲಿಲ್ಲ. ಮಹಡಿಯ ಮೆಟ್ಟಿಲ ಮೇಲೆ ಕೂತು ರಾಜಾರೋಷವಾಗಿ ಸಿಗರೇಟು ಸೇದುತ್ತಿದ್ದ ಅತ್ತೆ, "ಏನು ನಡೀತಿದೆ ಅಲ್ಲಿ?" ಎಂದು ಕೂಗಿದರು. ಇಬ್ಬರಿಗೂ ಕೇಳಿಸಲಿಲ್ಲ.

ಹೌದಪ್ಪ ಬಾಟಲಿ ಇಸಿದುಕೊಂಡ. ಮುಚ್ಚಳ ತೆಗೆದು ಒಂದು ತೊಟ್ಟು ಬೆರಳಿಗೆ ತಗೊಂಡು ಅವಳ ಕಿವಿಯ ಹಿಂದೆ ಸವರಿದ. ಹತ್ತಿರ ಬಗ್ಗಿ, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದ.

"ಆಹಾ!"

"ಅದು ನೀರು ಅಂತ ಈಗಷ್ಟೇ ಹೇಳಿದ್ನಲ್ರೀ!"

"ಹೌದು" ಎಂದ ಹೌದಪ್ಪ.